ರಸ್ತೆ ಬಿಟ್ಟು ಅರ್ಧ ಗಂಟೆ: ನಾರ್ವೆಯಲ್ಲಿ ಟೆಂಟ್ ಹಾಕುವವರಿಗೆ

(ಮೈಸೂರಿನಲ್ಲಿ ಚಾರಣದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಮುಕ್ಕಾಲು ಜನ ಕುಮಾರ ಪರ್ವತವನ್ನೋ ಕುದುರೆಮುಖವನ್ನೋ ಹತ್ತಿ ಇಳಿದವರು. ಬೆಟ್ಟ ಹತ್ತುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಕಾಡಿಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಟಿಕೆಟ್ ಬೇಕು, ಎಷ್ಟೋ ಕಡೆ ಸಂಜೆಯೊಳಗೆ ಇಳಿದು ಬರಬೇಕು. ಇದಕ್ಕೆ ಒಗ್ಗಿಹೋದ ನಮಗೆ ನಾರ್ವೆಯ ಸುದ್ದಿ ಕೇಳಿದರೆ ನಂಬಿಕೆಯೇ ಬರುವುದಿಲ್ಲ. ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಂತೆ, ಯಾರನ್ನೂ ಕೇಳಬೇಕಿಲ್ಲವಂತೆ, ಬಿಡಿಗಾಸೂ ಕೊಡಬೇಕಿಲ್ಲವಂತೆ!

ಇದರಲ್ಲಿ ಮುಕ್ಕಾಲು ನಿಜ. "ಎಲ್ಲಿ ಬೇಕಾದರೂ" ಅನ್ನೋದು ಮಾತ್ರ ಸುಳ್ಳು. ಆ ಒಂದು ಮಾತನ್ನು ನಂಬಿಕೊಂಡು ಹೋದವರಿಂದಲೇ ಅಲ್ಲಿ ಈಗ ಜಗಳ, ದಂಡ, ಹೊಸ ಹೊಸ ನಿಷೇಧ ಎಲ್ಲ ಶುರುವಾಗಿರುವುದು.

ಮೊದಲು ಕಾನೂನು ನೋಡೋಣ. ನಾರ್ವೆಯಲ್ಲಿ 1957ರಲ್ಲಿ ಫ್ರಿಲುಫ್ಟ್ಸ್‌ಲೋವೆನ್ ಅಂತ ಒಂದು ಕಾಯ್ದೆ ಬಂತು. ಹೊರಾಂಗಣದಲ್ಲಿ ಓಡಾಡುವವರ ಕಾಯ್ದೆ ಅಂದುಕೊಳ್ಳಿ. ಇದು ಹೊಸ ಹಕ್ಕನ್ನೇನೂ ಹುಟ್ಟುಹಾಕಲಿಲ್ಲ. ಬೆಟ್ಟ, ಕಾಡು, ಕಡಲತೀರದಲ್ಲಿ ಯಾರು ಬೇಕಾದರೂ ನಡೆದು ಹೋಗುವ ಹಳೇ ರೂಢಿ ಅಲ್ಲಿತ್ತು. ಅದನ್ನೇ ಬರೆದಿಟ್ಟರು. ಇದಕ್ಕೆ ಜನ ಅಲ್ಲೆಮಾನ್ಸ್‌ರೆಟ್ಟೆನ್ ಅನ್ನುತ್ತಾರೆ. ಎಲ್ಲರ ಹಕ್ಕು ಅಂತ. ನಾರ್ವೆಯವರೇ ಆಗಿರಬೇಕು ಅಂತಿಲ್ಲ, ಪ್ರವಾಸಿಗೂ ಅಷ್ಟೇ ಹಕ್ಕು.

ಈ ಕಾಯ್ದೆ ನೆಲವನ್ನು ಎರಡು ಭಾಗ ಮಾಡುತ್ತದೆ. ಒಂದು ಸಾಗುವಳಿ ನೆಲ. ಹೊಲ, ಹುಲ್ಲುಗಾವಲು, ಮನೆಯ ಅಂಗಳ, ಹೊಸದಾಗಿ ಗಿಡ ನೆಟ್ಟ ಜಾಗ. ಇನ್ನೊಂದು ಸಾಗುವಳಿ ಇಲ್ಲದ ನೆಲ. ಕಾಡು, ಬೆಟ್ಟ, ಜೌಗು, ಬಂಡೆ, ತೀರ. ನಿಮ್ಮ ಹಕ್ಕು ಇರುವುದು ಈ ಎರಡನೆಯದರ ಮೇಲೆ. ಅದು ಖಾಸಗಿ ಆಸ್ತಿ ಆಗಿದ್ದರೂ ಸರಿ. ಅಲ್ಲಿನ ಕಾಡಿನ ಎಷ್ಟೋ ಭಾಗ ಯಾರೋ ರೈತರದ್ದೇ. ಮಾಲೀಕ ನಿಮ್ಮನ್ನು ಎಬ್ಬಿಸಿ ಓಡಿಸುವಂತಿಲ್ಲ, ನೀವು ನಿಯಮದೊಳಗೆ ಇದ್ದರೆ.

ನಿಯಮಗಳು ತುಂಬ ಇಲ್ಲ. ಜನ ವಾಸವಿರುವ ಮನೆ ಅಥವಾ ರಜೆಮನೆಯಿಂದ ಕನಿಷ್ಠ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಳಿಯಬೇಕಾದರೆ ಮಾಲೀಕರನ್ನು ಕೇಳಬೇಕು. ಎತ್ತರದ ಬೆಟ್ಟದಲ್ಲೋ ಊರಿಂದ ಬಹಳ ದೂರದಲ್ಲೋ ಇದ್ದರೆ ಅದೂ ಬೇಡ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಓಡಾಡುವವರು ಪರಿಸರಕ್ಕೂ ಇತರರಿಗೂ ತೊಂದರೆ ಆಗದ ಹಾಗೆ ಓಡಾಡಬೇಕು ಅಂತ. ಮೀಟರ್ ಲೆಕ್ಕ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಇದನ್ನು ಮಾತ್ರ ಮರೆಯುತ್ತಾರೆ.

ಸಾಗುವಳಿ ನೆಲದ ಬಗ್ಗೆ ಒಂದು ಮಾತು. ನಮ್ಮವರು ಮೋಸ ಹೋಗುವುದೇ ಇಲ್ಲಿ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಚಾಚು. ಅದರ ಪಕ್ಕದಲ್ಲಿ ಹಸಿರು ಹುಲ್ಲಿನ ಸಪಾಟು ಜಾಗ ಕಾಣುತ್ತೆ. ಬೇಲಿ ಇಲ್ಲ, ಬೋರ್ಡ್ ಇಲ್ಲ, ಬೆಳೆ ಅಂತ ಏನೂ ಇಲ್ಲ. ಬರೀ ಹುಲ್ಲು. ಟೆಂಟ್ ಹಾಕಲು ಇದಕ್ಕಿಂತ ಒಳ್ಳೆ ಜಾಗ ಬೇಕಾ ಅನ್ನಿಸುತ್ತೆ. ಆದರೆ ಆ ಹುಲ್ಲೇ ಬೆಳೆ! ಅಲ್ಲಿ ಚಳಿಗಾಲ ಉದ್ದ. ದನ ಕುರಿಗಳಿಗೆ ಅಷ್ಟೂ ತಿಂಗಳ ಮೇವು ಬೇಸಿಗೆಯಲ್ಲಿ ಕೊಯ್ದಿಡಬೇಕು. ರಸ್ತೆ ಪಕ್ಕದಲ್ಲಿ ದೊಡ್ಡ ದೊಡ್ಡ ಬಿಳಿ ಪ್ಲಾಸ್ಟಿಕ್ ಉಂಡೆಗಳು ಬಿದ್ದಿರುತ್ತವೆ ನೋಡಿ. ಅದರೊಳಗೆ ಇರುವುದು ಈ ಹುಲ್ಲೇ. ಮಕ್ಕಳು ತಮಾಷೆಗೆ ಟ್ರ್ಯಾಕ್ಟರ್ ಮೊಟ್ಟೆ ಅಂತಾರೆ. ನೀವು ಒಂದು ರಾತ್ರಿ ಮಲಗಿ ಎದ್ದರೆ ಹುಲ್ಲು ನೆಲಕ್ಕೆ ಅಂಟಿ ಮಲಗುತ್ತದೆ, ಕೊಯ್ಯುವ ಯಂತ್ರಕ್ಕೆ ಸಿಗುವುದಿಲ್ಲ. ಮರೆತು ಬಿಟ್ಟುಬಂದ ಒಂದು ಅಲ್ಯೂಮಿನಿಯಂ ಗೂಟ ಆ ಯಂತ್ರಕ್ಕೆ ಸಿಕ್ಕರೆ ಬ್ಲೇಡ್ ಹೋಯಿತು. ಅದರ ಚೂರು ಮೇವಿನ ಜೊತೆ ಹಸುವಿನ ಹೊಟ್ಟೆಗೆ ಹೋದರೆ ಹಸುವೂ ಹೋಯಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1957 ಅನ್ನೋ ಇಸವಿಯನ್ನು ಸ್ವಲ್ಪ ಗಮನಿಸಿ. ಎರಡನೇ ಮಹಾಯುದ್ಧ ಮುಗಿದು ಹನ್ನೆರಡು ವರ್ಷ. 1947ರಲ್ಲಿ ನಾರ್ವೆಯ ಕಾರ್ಮಿಕರಿಗೆ ವರ್ಷಕ್ಕೆ ಮೂರು ವಾರ ರಜೆಯ ಹಕ್ಕು ಸಿಕ್ಕಿತ್ತು. ಜನರ ಕೈಯಲ್ಲಿ ರಜೆ ಇತ್ತು, ದುಡ್ಡು ಅಷ್ಟಾಗಿ ಇರಲಿಲ್ಲ. ಹಾಗಾಗಿ ಬೆನ್ನಿಗೆ ಚೀಲ ಹಾಕಿ ಬೆಟ್ಟಕ್ಕೆ ಹೊರಟರು. ಕಾರು? 1960ರ ಅಕ್ಟೋಬರ್‌ವರೆಗೆ ಅಲ್ಲಿ ಹೊಸ ಕಾರು ಕೊಳ್ಳಬೇಕಾದರೆ ಸರ್ಕಾರದ ಪರ್ಮಿಟ್ ಬೇಕಿತ್ತು. ವೈದ್ಯರು, ಟ್ಯಾಕ್ಸಿಯವರು, ಕೆಲಸಕ್ಕೆ ಕಾರು ಬೇಕೇ ಬೇಕು ಅಂತ ತೋರಿಸಿದವರು, ಇಂಥವರಿಗೆ ಮೊದಲು. ಸಾಮಾನ್ಯ ಜನ ಕಾಯಬೇಕಿತ್ತು. ನಮ್ಮಲ್ಲಿ ಸ್ಕೂಟರ್‌ಗೆ ವರ್ಷಗಟ್ಟಲೆ ಕಾದವರು ಇಲ್ಲಿ ಇರಬಹುದು, ನಿಮಗೆ ಇದು ಅರ್ಥ ಆಗುತ್ತೆ.

ಅಂದರೆ ಈ ಟೆಂಟ್ ಹಕ್ಕನ್ನು ಬರೆದದ್ದು ನಡೆದು ಬರುವವರ ಮೇಲೆ ಕಣ್ಣಿಟ್ಟು. ರೈಲಿಂದಲೋ ಬಸ್ಸಿಂದಲೋ ಇಳಿದು, ಹೊತ್ತುಕೊಂಡು ಹೋಗಿ, ದೂರ ದೂರ ಚದುರಿ ಮಲಗುವವರಿಗೆ. ಮಲಗುವವರು ಚದುರಿದ್ದರೆ 150 ಮೀಟರ್, ಎರಡು ರಾತ್ರಿ ಅನ್ನೋ ನಿಯಮ ಸಾಕೇ ಸಾಕು. ಒಂದೇ ಪಾರ್ಕಿಂಗ್ ಜಾಗಕ್ಕೆ ಐವತ್ತು ಕಾರು ಬಂದು, ಐವತ್ತು ಟೆಂಟು ಎದ್ದು, ಮರುದಿನ ಇನ್ನೊಂದು ಐವತ್ತು ಬಂದರೆ ಯಾವ ನಿಯಮ ಸಾಲುತ್ತೆ ಹೇಳಿ.

ಲೋಫೋಟೆನ್ ದ್ವೀಪಗಳಲ್ಲಿ ಆಗಿದ್ದು ಇದೇ. ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರಕ್ಕೆ, ಸಮುದ್ರದಿಂದ ಎದ್ದು ನಿಂತ ಚೂಪು ಬೆಟ್ಟಗಳು, ಕೆಂಪು ಮೀನುಗಾರರ ಮನೆಗಳು. ನೀವು ಫೋಟೋ ನೋಡಿರುತ್ತೀರಿ. ಅಷ್ಟೂ ದ್ವೀಪಗಳಲ್ಲಿ ಸೇರಿ ಇರುವ ಜನ ಸುಮಾರು 24 ಸಾವಿರ. ಉದ್ದಕ್ಕೂ ಹೋಗುವ ಮುಖ್ಯ ರಸ್ತೆ ಒಂದೇ, ಇ10. ಜುಲೈನಲ್ಲಿ ಆ ರಸ್ತೆ ಪಕ್ಕದ ಪ್ರತಿ ಸಪಾಟು ತುಂಡಿನಲ್ಲೂ ಒಂದು ಟೆಂಟ್, ಒಂದು ಕ್ಯಾಂಪರ್ ವ್ಯಾನ್. ಟಾಯ್ಲೆಟ್ ಪೇಪರ್ ಎಲ್ಲೆಲ್ಲಿ ಹಾರುತ್ತಿತ್ತು ಅಂತ ನಾನು ವಿವರಿಸುವುದಿಲ್ಲ, ಊಟದ ಹೊತ್ತು. ಅಲ್ಲಿನ ಪುರಸಭೆಗಳು ಈಗ ಹಲವು ಜನಪ್ರಿಯ ಜಾಗಗಳಲ್ಲಿ ಟೆಂಟ್ ಹಾಕುವುದನ್ನೇ ನಿಷೇಧಿಸಿವೆ. ಕೆಲವು ಕಡೆ ದುಡ್ಡು ಕೊಟ್ಟು ಹಾಕುವ ವ್ಯವಸ್ಥೆ ಮಾಡಿವೆ. ಕಾನೂನಿನ 150 ಮೀಟರ್ ಲೆಕ್ಕ ಹಿಡಿದು ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಸ್ಥಳೀಯ ನಿಷೇಧ ಇದ್ದರೆ ಅದೇ ಕೊನೆ ಮಾತು. "ಟೆಲ್ಟಿಂಗ್ ಫೋರ್‌ಬುಟ್" ಅಥವಾ "ಕ್ಯಾಂಪಿಂಗ್ ಫೋರ್‌ಬುಟ್" ಅಂತ ಬೋರ್ಡ್ ಕಂಡರೆ ಮುಂದೆ ಹೋಗಿ, ಅಷ್ಟೇ.

ಅಂದ ಹಾಗೆ, ಅದೇ ಲೋಫೋಟೆನ್‌ನಲ್ಲಿ ರೈನೆಬ್ರಿಂಗೆನ್ ಅಂತ 448 ಮೀಟರ್ ಎತ್ತರದ ಒಂದು ಬೆಟ್ಟ ಇದೆ. ಜನ ಹತ್ತಿ ಹತ್ತಿ ದಾರಿಯ ಮಣ್ಣೆಲ್ಲ ಕುಸಿದು ಹೋಗಿತ್ತು. ಅದಕ್ಕೆ ಸುಮಾರು 2000 ಕಲ್ಲಿನ ಮೆಟ್ಟಿಲು ಜೋಡಿಸಿದವರು ಯಾರು ಗೊತ್ತಾ? ನೇಪಾಳದ ಶೆರ್ಪಾಗಳು. ನಾರ್ವೆಯ ಇನ್ನೂ ಎಷ್ಟೋ ಬೆಟ್ಟಗಳಲ್ಲಿ ಅವರು ಕಟ್ಟಿದ ಮೆಟ್ಟಿಲಿವೆ. ಹಿಮಾಲಯದ ಕೈಕೆಲಸದ ಮೇಲೆ ಕಾಲಿಟ್ಟು ಆರ್ಕ್ಟಿಕ್ ವೃತ್ತದಾಚೆಯ ಸಮುದ್ರ ನೋಡುವುದು ನನಗಂತೂ ಬಹಳ ಇಷ್ಟ.

ಇರಲಿ, ರಸ್ತೆ ಪಕ್ಕದ ಆ ಗದ್ದಲ ತಪ್ಪಿಸಲು ನನ್ನ ಸಲಹೆ ಒಂದೇ. ರಸ್ತೆ ಬಿಟ್ಟು ಅರ್ಧ ಗಂಟೆ ನಡೆಯಿರಿ. ಬೆನ್ನ ಮೇಲೆ ಚೀಲ ಹೊತ್ತು, ಬರೀ ಅರ್ಧ ಗಂಟೆ. ಮುಕ್ಕಾಲಾದರೆ ಇನ್ನೂ ಒಳ್ಳೆಯದು. ಕಾರು ಬಿಟ್ಟು ಬರಲಾಗದವರು ಅಲ್ಲಿಗೆ ಬರುವುದಿಲ್ಲ. ಮನೆಗಳಿಂದ ದೂರ ತಾನಾಗಿಯೇ ಸಿಗುತ್ತೆ. ಹುಲ್ಲುಗಾವಲು ಹಿಂದೆ ಉಳಿದಿರುತ್ತೆ. ಹೆಚ್ಚಿನ ನಿಷೇಧಗಳೂ ರಸ್ತೆಯ ಹತ್ತಿರದಲ್ಲೇ ಇರುವುದು.

ಒಂದು ಜಾಗದ ಹೆಸರು ಹೇಳಿ ಅಂತ ನೀವು ಕೇಳೇ ಕೇಳುತ್ತೀರಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಫಿನ್ಸೆ. ಓಸ್ಲೋದಿಂದ ಬೆರ್ಗೆನ್‌ಗೆ ಹೋಗುವ ರೈಲು ಹತ್ತಬೇಕು. ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 1909ರಲ್ಲಿ. ನಾಲ್ಕು, ನಾಲ್ಕೂವರೆ ಗಂಟೆ ಆದ ಮೇಲೆ 1222 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಸ್ಟೇಷನ್. ನಾರ್ವೆಯ ರೈಲು ಜಾಲದಲ್ಲೇ ಅತಿ ಎತ್ತರದ್ದು. ಇಲ್ಲಿಗೆ ಕಾರಿನ ರಸ್ತೆ ಇಲ್ಲ. ಬಂದರೆ ರೈಲಲ್ಲಿ ಬರಬೇಕು, ಇಲ್ಲ ನಡೆದು ಬರಬೇಕು, ಇಲ್ಲ ರೈಲು ಕಟ್ಟುವಾಗ ಮಾಡಿದ ಹಳೇ ಕೂಲಿ ದಾರಿಯಲ್ಲಿ ಸೈಕಲ್ ತುಳಿದು ಬರಬೇಕು. ಎದುರಿಗೆ ಸರೋವರ, ಆಚೆ ಹಾರ್ಡಂಗರ್‌ಯೋಕುಲೆನ್ ಹಿಮನದಿ. ದಕ್ಷಿಣ ಧ್ರುವಕ್ಕೆ ಹೊರಡುವ ಮೊದಲು ಕ್ಯಾಪ್ಟನ್ ಸ್ಕಾಟ್ ತನ್ನ ಮೋಟಾರ್ ಸ್ಲೆಡ್ಜ್ ಪರೀಕ್ಷೆ ಮಾಡಿದ್ದು ಇಲ್ಲೇ, 1910ರಲ್ಲಿ. ಎಂಥ ಚಳಿ ಇರಬಹುದು ಅಂತ ಅದರಿಂದಲೇ ಊಹಿಸಿ. ಜುಲೈ ಮೊದಲ ವಾರದಲ್ಲೂ ದಾರಿಯಲ್ಲಿ ಹಿಮ ಉಳಿದಿರುತ್ತೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಶುರುವಿನವರೆಗೆ ಒಳ್ಳೆ ಕಾಲ.

ಸ್ಟೇಷನ್‌ನಿಂದ ಹೊರಟರೆ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬರೆದಿರುತ್ತೆ. ನಾರ್ವೆಯ ಚಾರಣ ಸಂಘ ಡಿಎನ್‌ಟಿ ಹಾಕಿದ ಗುರುತು ಅದು. 1868ರಲ್ಲಿ ಶುರುವಾದ ಸಂಘ. ದೇಶದ ತುಂಬ ಅವರ ದಾರಿಗಳಿವೆ, 500ಕ್ಕೂ ಹೆಚ್ಚು ಗುಡಿಸಲುಗಳಿವೆ. ಗುಡಿಸಲು ಅಂದರೆ ಹುಲ್ಲಿನದ್ದಲ್ಲ, ಹಾಸಿಗೆ ಒಲೆ ಎಲ್ಲ ಇರುವ ಮರದ ಮನೆ. ಕೆಲವದರಲ್ಲಿ ನೋಡಿಕೊಳ್ಳುವವರೇ ಇರುವುದಿಲ್ಲ. ಬೀಗ ತೆಗೆದು, ಉಂಡು ಮಲಗಿ, ಲೆಕ್ಕ ಬರೆದು ದುಡ್ಡು ಕಟ್ಟಿ ಹೋಗುವುದು. ಇವುಗಳ ಅಂಗಳದಲ್ಲಿ ಟೆಂಟ್ ಹಾಕಿ ಒಳಗಿನ ಅಡುಗೆಮನೆ, ಟಾಯ್ಲೆಟ್ ಬಳಸಿದರೆ ಸಣ್ಣ ಶುಲ್ಕ ಇರುತ್ತೆ, ಕೊಟ್ಟುಬಿಡಿ. ಇನ್ನೊಂದು ವಿಷಯ. ದಾರಿಯಲ್ಲಿ ಗುರುತಿಗೆ ಕಲ್ಲಿನ ರಾಶಿ ಇಟ್ಟಿರುತ್ತಾರೆ. ಫೋಟೋ ಚೆನ್ನಾಗಿ ಬರುತ್ತೆ ಅಂತ ನೀವೂ ಒಂದು ಕಟ್ಟಬೇಡಿ. ಮಂಜು ಕವಿದಾಗ ಅದನ್ನೇ ನಂಬಿ ಯಾರೋ ದಾರಿ ತಪ್ಪುತ್ತಾರೆ.

ಇನ್ನು ಜಾಗ ಆರಿಸುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ರಾತ್ರಿ ನಿದ್ದೆ ಬರುವುದೂ ಬಾರದಿರುವುದೂ ಇದರ ಮೇಲೇ.

ನಾರ್ವೆಯ ಬೆಟ್ಟದಲ್ಲಿ ತುಂಬ ಸಪಾಟಾಗಿ, ತುಂಬ ಹಸಿರಾಗಿ ಕಾಣುವ ಜಾಗ ಸಾಮಾನ್ಯವಾಗಿ ಜೌಗು. ಬಿಳಿ ಹತ್ತಿಯ ಹಾಗೆ ತಲೆದೂಗುವ ಹುಲ್ಲು ಕಂಡರೆ ಅಲ್ಲಿ ನೀರಿದೆ ಅಂತಲೇ ಅರ್ಥ. ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡಿ. ಗುಂಡಿಯಲ್ಲಿ ನೀರು ಜಿನುಗಿದರೆ ಬೇರೆ ಜಾಗ ಹುಡುಕಿ. ಸ್ವಲ್ಪ ದಿಬ್ಬದ ಮೇಲೆ, ಜಲ್ಲಿಮಣ್ಣು ಅಥವಾ ಒಣಗಿದ ಗಿಡ್ಡ ಹುಲ್ಲು ಇರುವ ಕಡೆ ನೋಡಿ. ಹೊಳೆಗೆ ತೀರ ಹತ್ತಿರ ಬೇಡ. ಬಿಸಿಲಿಗೆ ಹಿಮ ಕರಗಿ ಸಂಜೆ ಹೊತ್ತಿಗೆ ಹೊಳೆ ಏರುವುದುಂಟು. ತಗ್ಗಿನ ತಳವೂ ಬೇಡ, ಅಲ್ಲಿ ತಣ್ಣಗಿನ ಗಾಳಿ ಬಂದು ಕೂರುತ್ತೆ. ಹಾಗಂತ ದಿಬ್ಬದ ನೆತ್ತಿಗೆ ಹೋದರೆ ಗಾಳಿ ಹೊಡೆಯುತ್ತೆ. ದೊಡ್ಡ ಬಂಡೆಯೊಂದರ ಮರೆ ಸಿಕ್ಕರೆ ಪುಣ್ಯ.

ಆಮೇಲೆ ಗಾಳಿ. ಆ ಬೆಟ್ಟದಲ್ಲಿ ಟೆಂಟಿಗೆ ಮಳೆಗಿಂತ ಗಾಳಿಯೇ ದೊಡ್ಡ ಶತ್ರು. ಉದ್ದನೆಯ ಟನಲ್ ಟೆಂಟಾದರೆ ಸಣ್ಣ ತುದಿಯನ್ನು ಗಾಳಿಗೆ ಎದುರಾಗಿ ಇಡಿ. ಅಗಲದ ಮೈಯನ್ನು ಗಾಳಿಗೆ ಕೊಟ್ಟರೆ ರಾತ್ರಿಯಿಡೀ ಬಡಿಯುತ್ತೆ, ಕಂಬಿ ಬಾಗುತ್ತೆ. ಬಿಚ್ಚಿದ ತಕ್ಷಣ ಗಾಳಿ ಬರುವ ಕಡೆಯ ಎರಡು ಗೂಟ ಮೊದಲು ಹೊಡೆಯಿರಿ, ಆಮೇಲೆ ಕಂಬಿ ತೂರಿಸಿ. ಅದಕ್ಕೆ ಮೊದಲೇ ಕಂಬಿ ಎತ್ತಿದರೆ ಟೆಂಟ್ ಹಾರಿ ಸರೋವರ ಸೇರುತ್ತೆ. ಗೂಟ ಓರೆಯಾಗಿ ಹೊಡೆಯಬೇಕು, ತಲೆ ಟೆಂಟಿನಿಂದ ಆಚೆ ವಾಲಿರಬೇಕು. ಬಂಡೆ ನೆಲದಲ್ಲಿ ಗೂಟ ಇಳಿಯದಿದ್ದರೆ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಿ. ಬೆಳಿಗ್ಗೆ ಹೊರಡುವಾಗ ಆ ಕಲ್ಲುಗಳನ್ನು ಇದ್ದಲ್ಲೇ ಇಟ್ಟು ಬನ್ನಿ. ಅದರಡಿ ಹುಳುಹುಪ್ಪಟೆ ಬದುಕುತ್ತಿರುತ್ತೆ.

ನಮ್ಮಲ್ಲಿ ಮುನ್ನೂರು ರೂಪಾಯಿಯ ಫೋಮ್ ಮ್ಯಾಟ್ ಹಾಸಿ ಮಲಗಿದವರು ಅದನ್ನೇ ಅಲ್ಲಿಗೂ ಹೊತ್ತುಕೊಂಡು ಹೋಗುತ್ತಾರೆ. ಸ್ಲೀಪಿಂಗ್ ಬ್ಯಾಗ್‌ಗೆ ದುಡ್ಡು ಸುರಿದು ಮ್ಯಾಟ್‌ನಲ್ಲಿ ಉಳಿಸಬೇಡಿ. ಚಳಿ ನೆಲದಿಂದ ಬರುತ್ತೆ. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಚಪ್ಪಟೆಯಾದ ಮೇಲೆ ಅದು ಬೆಚ್ಚಗೆ ಇಡುವುದಿಲ್ಲ. ಬ್ಯಾಗಿನ ಮೇಲೆ ಎರಡು ಉಷ್ಣಾಂಶ ಬರೆದಿರುತ್ತಾರೆ, ಕಂಫರ್ಟ್ ಅಂತ ಒಂದು, ಲಿಮಿಟ್ ಅಂತ ಇನ್ನೊಂದು. ಅಂಗಡಿಯವನು ಲಿಮಿಟ್ ತೋರಿಸುತ್ತಾನೆ. ನೀವು ಕಂಫರ್ಟ್ ನೋಡಿ. ಎತ್ತರದಲ್ಲಿ ಜುಲೈ ರಾತ್ರಿಯೂ ಐದು ಡಿಗ್ರಿಗಿಂತ ಕೆಳಗೆ ಹೋಗುವುದು ಮಾಮೂಲು, ಕಂಫರ್ಟ್ ಸೊನ್ನೆ ಡಿಗ್ರಿ ಇದ್ದರೆ ನೆಮ್ಮದಿ. ಜೀನ್ಸ್ ಮನೆಯಲ್ಲೇ ಬಿಡಿ. ಒದ್ದೆಯಾದ ಹತ್ತಿ ಬಟ್ಟೆ, ಜೊತೆಗೆ ಗಾಳಿ ಸೇರಿದರೆ ಐದು ಡಿಗ್ರಿಯಲ್ಲೂ ಮೈ ತಣ್ಣಗಾಗಿ ಜೀವಕ್ಕೆ ಕುತ್ತು. ಮೈಗೆ ಅಂಟಿದ ಪದರ ಉಣ್ಣೆಯದ್ದಿರಲಿ.

ಹವಾಮಾನಕ್ಕೆ ಅಲ್ಲಿ ಎಲ್ಲರೂ ನೋಡುವುದು 'ಯರ್' ಅನ್ನೋ ಆ್ಯಪ್. ನಾರ್ವೆಯ ಹವಾಮಾನ ಇಲಾಖೆ ಮತ್ತು ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಸೇರಿ 2007ರಿಂದ ನಡೆಸುತ್ತಿರುವುದು. ಮಳೆ ಎಷ್ಟು ಅಂತ ಮಾತ್ರ ನೋಡಬೇಡಿ, ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಅಂತ ನೋಡಿ. ಹತ್ತು ದಾಟಿದರೆ ಅವತ್ತು ಮೇಲೆ ಟೆಂಟ್ ಹಾಕುವ ಯೋಚನೆ ಬಿಡಿ. 1967ರ ಈಸ್ಟರ್ ರಜೆಯಲ್ಲಿ ಅಲ್ಲಿನ ಬೆಟ್ಟಗಳಲ್ಲಿ 18 ಜನ ಸತ್ತರು. ಅದಾದ ಮೇಲೆ ಡಿಎನ್‌ಟಿ ಮತ್ತು ರೆಡ್ ಕ್ರಾಸ್ ಬೆಟ್ಟದ ನಡವಳಿಕೆಯ ನಿಯಮಗಳನ್ನು ಮನೆಮನೆಗೂ ಮುಟ್ಟಿಸಿದರು. ಶಾಲೆಯ ಮಕ್ಕಳಿಗೂ ಬಾಯಿಪಾಠ. ಒಂಬತ್ತು ನಿಯಮ ಇವೆ. ಎಂಟನೆಯದು, ಹೊತ್ತಿಗೆ ಸರಿಯಾಗಿ ವಾಪಸ್ ತಿರುಗಿ, ತಿರುಗುವುದರಲ್ಲಿ ನಾಚಿಕೆ ಇಲ್ಲ ಅನ್ನುತ್ತೆ. ಅಷ್ಟು ದೂರದಿಂದ ಅಷ್ಟು ದುಡ್ಡು ಕೊಟ್ಟು ಹೋದ ಪ್ರವಾಸಿಗೆ ಇದೇ ಎಲ್ಲಕ್ಕಿಂತ ಕಷ್ಟದ ನಿಯಮ.

ಅಡುಗೆಗೆ ಬರೋಣ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ತಿರುಪು ಇರುವ ಕ್ಯಾನ್ ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಹಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತೆ. ನಿಮ್ಮ ಸ್ಟೌ ಆ ತಿರುಪಿಗೆ ಹೊಂದುತ್ತಾ ಅಂತ ಇಲ್ಲೇ ನೋಡಿಕೊಳ್ಳಿ. ಅವಲಕ್ಕಿ, ಎಂಟಿಆರ್ ಉಪ್ಪಿಟ್ಟಿನ ಪುಡಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ಬಿಸಿನೀರು ಹಾಕಿದರೆ ಮುಗಿಯಿತು, ಬೆಟ್ಟದಲ್ಲಿ ಇದಕ್ಕಿಂತ ಒಳ್ಳೆ ಊಟ ಇಲ್ಲ. ಆದರೆ ತುಪ್ಪದ ಡಬ್ಬಿ, ಪೇಡ, ಖೋವಾ ಬೇಡ. ನಮ್ಮಂಥ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಅಲ್ಲಿ ಅವಕಾಶ ಇಲ್ಲ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದು ಕಸ್ಟಮ್ಸ್‌ನವರ ಕಸದ ಬುಟ್ಟಿಗೆ ಹೋಗೋದು ಯಾಕೆ, ಅಲ್ವಾ?

ಬೆಂಕಿ ಹಾಕುವ ಆಸೆ ಎಲ್ಲರಿಗೂ ಇರುತ್ತೆ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವುದಕ್ಕೆ ದೇಶದಾದ್ಯಂತ ನಿಷೇಧ. ಪ್ರವಾಸಿಗಳು ಹೋಗುವುದೇ ಆ ಐದು ತಿಂಗಳಲ್ಲಿ. ಕಾಡಿಗೆ ಬೆಂಕಿ ತಗಲುವ ಪ್ರಶ್ನೆಯೇ ಇಲ್ಲ ಅನ್ನುವಂಥ ಜಾಗದಲ್ಲಿ ವಿನಾಯಿತಿ ಇದೆ, ನೀರಿನಂಚಿನ ಕಲ್ಲುತೀರದ ಹಾಗೆ. ಆದರೆ 2018ರ ಹಾಗೆ ಮಳೆ ಕೈಕೊಟ್ಟ ವರ್ಷ ಸ್ಥಳೀಯವಾಗಿ ಪೂರ್ತಿ ನಿಷೇಧವೂ ಬರುತ್ತೆ. ನಿಮ್ಮ ಸ್ಟೌ ಕೂಡ ಒಣ ಹುಲ್ಲಿನ ಮೇಲೆ ಬೇಡ, ಕಲ್ಲಿನ ಮೇಲಿಡಿ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಒಮ್ಮೆ ಬಳಸಿ ಬಿಸಾಡುವ ಅಲ್ಯೂಮಿನಿಯಂ ಗ್ರಿಲ್ ಅಂತೂ ನನಗೆ ಕಂಡರಾಗದು. ಪಾರ್ಕಿನ ಹುಲ್ಲಿನ ಮೇಲೆ ಚೌಕಾಕಾರದ ಸುಟ್ಟ ಕಲೆ ಕಂಡರೆ ಅದರದ್ದೇ ಕೆಲಸ.

ಇನ್ನು ಯಾರೂ ವೇದಿಕೆ ಮೇಲೆ ಮಾತಾಡದ ವಿಷಯ, ಶೌಚ. ನಾವು ನೀರಿನ ಬಾಟಲಿಯವರು, ಪೇಪರ್‌ನವರಲ್ಲ. ಇದರಲ್ಲಿ ನಾವೇ ವಾಸಿ! ಬೆಟ್ಟದ ತುಂಬ ಬಿದ್ದಿರುವ ಬಿಳಿ ಪೇಪರ್ ನಮ್ಮದಲ್ಲ. ಆದರೆ ಹೊಳೆಯ ಪಕ್ಕದಲ್ಲಿ ಕೂರುವ ಅಭ್ಯಾಸ ಅಲ್ಲಿ ಬೇಡವೇ ಬೇಡ. ಅದೇ ಹೊಳೆಯ ನೀರನ್ನು ಕೆಳಗಿನ ಟೆಂಟಿನವರು ಹಾಗೇ ಕುಡಿಯುತ್ತಾರೆ. ಬಾಟಲಿ ತುಂಬಿಕೊಂಡು ನೀರಿನಿಂದ, ದಾರಿಯಿಂದ ಚೆನ್ನಾಗಿ ದೂರ ಹೋಗಿ. ಗುಂಡಿ ತೋಡಿ, ಮುಚ್ಚಿ ಬನ್ನಿ. ಪೇಪರ್, ಪ್ಯಾಡ್, ಡೈಪರ್ ಏನೇ ಬಳಸಿದರೂ ಜಿಪ್ ಕವರಿನಲ್ಲಿ ಹಾಕಿ ವಾಪಸ್ ತನ್ನಿ. ಕುಡಿಯುವ ನೀರನ್ನು ವೇಗವಾಗಿ ಹರಿಯುವ ಕಡೆ ಹಿಡಿಯಿರಿ. ಮೇಲುಗಡೆ ಕುರಿ ಇದೆಯಾ ಅಂತ ನೋಡಿ. ಬೇಸಿಗೆಯಲ್ಲಿ 20 ಲಕ್ಷದ ಆಸುಪಾಸು ಕುರಿಗಳನ್ನು ಅಲ್ಲಿ ಬೆಟ್ಟಕ್ಕೆ ಬಿಟ್ಟಿರುತ್ತಾರೆ, ಕೊರಳಿಗೆ ಗಂಟೆ ಕಟ್ಟಿ. ಬೆಳಗಿನ ಜಾವ ಐದಕ್ಕೆ ಆ ಗಂಟೆ ನಿಮ್ಮ ತಲೆ ಪಕ್ಕದಲ್ಲೇ ಬಾರಿಸುತ್ತೆ.

ಅಕ್ಕಪಕ್ಕದ ದೇಶಗಳ ಬಗ್ಗೆ ಎರಡೇ ಮಾತು. ಸ್ವೀಡನ್, ಫಿನ್ಲೆಂಡ್‌ಗಳಲ್ಲೂ ಇಂಥದ್ದೇ ಹಕ್ಕಿದೆ. ಡೆನ್ಮಾರ್ಕ್‌ನಲ್ಲಿ ಇಲ್ಲ, ಅಲ್ಲಿ ಗೊತ್ತುಮಾಡಿದ ಕಾಡು, ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. ಐಸ್ಲೆಂಡ್‌ನಲ್ಲಿ ನಿಯಮ ಬಿಗಿಯಾಗಿದೆ. ಕ್ಯಾಂಪರ್ ವ್ಯಾನ್ ಅಂತೂ ಕ್ಯಾಂಪ್‌ಸೈಟ್ ಬಿಟ್ಟು ಬೇರೆ ಕಡೆ ರಾತ್ರಿ ನಿಲ್ಲಬೇಕಾದರೆ ಜಮೀನಿನವರ ಅನುಮತಿ ಬೇಕು. ಒಂದು ದೇಶದ ನಿಯಮ ತಲೆಯಲ್ಲಿಟ್ಟುಕೊಂಡು ಇನ್ನೊಂದಕ್ಕೆ ಹೋಗಬೇಡಿ.

ಇಷ್ಟು ನಾನು ಹೇಳಬೇಕು ಅಂದುಕೊಂಡಿದ್ದು. ಇನ್ನು ನೀವು ಕೇಳಿ.

ಮೊದಲು ಎದ್ದು ನಿಂತವರು ಕಾಲೇಜು ಓದುವ ಹುಡುಗಿ. "ಸರ್, ಒಬ್ಬಳೇ ಹೋಗಬಹುದಾ? ಕಾಡುಪ್ರಾಣಿ ಭಯ ಇದೆಯಾ?"

ಹೋಗಬಹುದಮ್ಮ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ನೀನು ಹೆದರಬೇಕಾದ್ದು ಹವಾಮಾನಕ್ಕೆ. ಎಲ್ಲಿಗೆ ಹೋಗುತ್ತೀಯ, ಯಾವಾಗ ವಾಪಸ್ ಅಂತ ಒಬ್ಬರಿಗಾದರೂ ಹೇಳಿ ಹೋಗು, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ತುರ್ತಿಗೆ ಪೊಲೀಸರ ನಂಬರ್ 112, ಆಂಬ್ಯುಲೆನ್ಸ್‌ಗೆ 113. ಕರಡಿ ಬಹಳ ಕಮ್ಮಿ, ಕಾಣಸಿಗುವುದೇ ಅಪರೂಪ. ದೋವ್ರೆ ಬೆಟ್ಟಗಳಿಗೆ ಹೋದರೆ ಕಸ್ತೂರಿ ಎತ್ತು ಅಂತ ಪ್ರಾಣಿ ಇದೆ, ಮೈತುಂಬ ಕೂದಲು, ನಿಂತಲ್ಲೇ ನಿಂತಿರುತ್ತೆ, ಪಾಪದ್ದು ಅನ್ನಿಸುತ್ತೆ. ಸಿಟ್ಟು ಬಂದರೆ ಕುದುರೆಯಷ್ಟು ಜೋರಾಗಿ ಓಡಿ ಬರುತ್ತೆ. 200 ಮೀಟರ್ ದೂರ ಇರು. ಹಿಮಕರಡಿ ಇರುವುದು ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ. ಅಲ್ಲಿ ಈ ಟೆಂಟ್ ಕತೆಯೇ ಬೇರೆ, ಗೈಡ್ ಇಲ್ಲದೆ ಆ ಯೋಚನೆ ಮಾಡಬೇಡ. ನಿಜವಾಗಿ ಕಾಟ ಕೊಡುವುದು ಸೊಳ್ಳೆ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ನೊಣ. ತಲೆಗೆ ಹಾಕುವ ಬಲೆ ಒಂದು ಇಟ್ಟುಕೋ. ದಕ್ಷಿಣದ ಕರಾವಳಿಯಲ್ಲಿ ರಕ್ತ ಹೀರುವ ಉಣ್ಣಿ ಇದೆ, ರಾತ್ರಿ ಮಲಗುವ ಮುಂಚೆ ಕಾಲು ನೋಡಿಕೋ.

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೇಳಿದ್ದು ವೀಸಾ ಬಗ್ಗೆ. "ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರೆ ಬೆಟ್ಟದ ಮೇಲೆ ಅಂತ ಬರೆಯೋದಾ?"

ಹಾಗೆ ಬರೆದರೆ ಕಷ್ಟ ಸರ್. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಷೆಂಗೆನ್ ಕೂಟದಲ್ಲಿದೆ. ಉಳಿಯುವ ಜಾಗದ ವಿವರ ಅರ್ಜಿಯಲ್ಲಿ ಕೇಳುತ್ತಾರೆ. ಪ್ರವಾಸದ ಯೋಜನೆಯಲ್ಲಿ ಕ್ಯಾಂಪ್‌ಸೈಟ್, ಹಾಸ್ಟೆಲ್, ಬೆಟ್ಟದ ಮನೆಗಳ ಬುಕಿಂಗ್ ಸೇರಿಸಿ, ನಿಜವಾಗಿ ಅಲ್ಲಿ ಉಳಿಯಿರಿ. ನಡುವಿನ ಒಂದೆರಡು ರಾತ್ರಿ ಟೆಂಟಿನಲ್ಲಿ ಅಂತ ಮಾರ್ಗ ಸಮೇತ ಸ್ಪಷ್ಟವಾಗಿ ಬರೆಯಿರಿ. ಸುಳ್ಳು ಹೋಟೆಲ್ ಬುಕಿಂಗ್ ತೋರಿಸುವ ಏಜೆಂಟರ ಸಹವಾಸ ಬೇಡ. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಆ ಪಾಲಿಸಿಯಲ್ಲಿ ಬೆಟ್ಟದ ನಡಿಗೆ ಸೇರಿದೆಯಾ ಅಂತ ಓದಿ, ಕೆಲವು ಪಾಲಿಸಿಗಳು ಒಂದು ಎತ್ತರದ ಮೇಲೆ ಕೈ ತೊಳೆದುಕೊಳ್ಳುತ್ತವೆ.

"ಬಾಡಿಗೆ ಕಾರಿನಲ್ಲೇ ಮಲಗಿದರೆ?" ಅಂತ ಹಿಂದಿನ ಸಾಲಿನಿಂದ ಒಬ್ಬರು.

ನಾನು ಇಷ್ಟು ಹೊತ್ತು ಹೇಳಿದ್ದರ ಉಲ್ಟಾ ಅದು! ಪಾರ್ಕಿಂಗ್ ಜಾಗದಲ್ಲಿ ರಾತ್ರಿ ನಿಲ್ಲಿಸಬಹುದಾ ಇಲ್ಲವಾ ಅನ್ನೋದು ಅಲ್ಲಲ್ಲಿನ ಬೋರ್ಡ್ ಮೇಲೆ. ಎದುರು ಬರುವ ವಾಹನಕ್ಕೆ ದಾರಿ ಕೊಡಲು ಕಿರಿದಾದ ರಸ್ತೆಯಲ್ಲಿ 'ಎಂ' ಅಂತ ಬೋರ್ಡ್ ಇರುವ ಅಗಲದ ಜಾಗ ಇರುತ್ತೆ, ಅಲ್ಲಂತೂ ಒಂದು ನಿಮಿಷವೂ ನಿಲ್ಲಿಸಬೇಡಿ. ಕಾರಿನಲ್ಲಿ ಹೋಗುವುದಾದರೆ ಕ್ಯಾಂಪ್‌ಸೈಟ್‌ಗೆ ಹೋಗಿ. ಸಾಧಾರಣ ಹೋಟೆಲ್ ರೂಮೇ 1500 ಕ್ರೋನರ್ ದಾಟುವ ದೇಶದಲ್ಲಿ, ಕ್ಯಾಂಪ್‌ಸೈಟಿನ ಟೆಂಟ್ ಜಾಗ 200ರಿಂದ 400ಕ್ಕೆ ಸಿಗುತ್ತೆ. ಒಂದು ಕ್ರೋನರ್‌ಗೆ 8-9 ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ಅಡುಗೆಮನೆ ಇರುತ್ತೆ, ಬಟ್ಟೆ ಒಗೆಯಬಹುದು, ಸ್ನಾನಕ್ಕೆ ಕೆಲವು ಕಡೆ ಬೇರೆ ನಾಣ್ಯ ಹಾಕಬೇಕು. ಸೋಪು ಹಚ್ಚಿಕೊಂಡ ಮೇಲೆ ಬಿಸಿನೀರು ನಿಲ್ಲದಂತೆ ಕೈಯಲ್ಲಿ ಇನ್ನೊಂದು ನಾಣ್ಯ ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದ್ದು. "ನಮ್ಮ ಜೊತೆ ಆರು ವರ್ಷದ ಮಗಳು, ಮಂಡಿ ನೋವಿನ ಅತ್ತೆ ಬರ್ತಾರೆ. ಅರ್ಧ ಗಂಟೆ ನಡೆಯೋದು ಅಂದ್ರೆ ನಮಗೆ ಆಗೋ ಮಾತಲ್ಲ. ನಾವು ಏನು ಮಾಡೋದು?"

ಒಳ್ಳೆ ಪ್ರಶ್ನೆ ಮೇಡಂ. ನನ್ನ ಅರ್ಧ ಗಂಟೆ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಹೆಚ್ಚಿನ ಕ್ಯಾಂಪ್‌ಸೈಟ್‌ಗಳಲ್ಲಿ ಹ್ಯೂಟೆ ಅಂತ ಪುಟ್ಟ ಮರದ ಮನೆಗಳು ಬಾಡಿಗೆಗೆ ಸಿಗುತ್ತವೆ. ನಾಲ್ಕು ಮಂಚ, ಒಂದು ಹೀಟರ್, ಒಂದು ಸಣ್ಣ ಒಲೆ. ಹೊದಿಕೆ ನೀವೇ ಒಯ್ಯಬೇಕಾಗಬಹುದು, ಹೊರಡುವಾಗ ಗುಡಿಸಿ ಒರೆಸಿ ಕೊಡಬೇಕು. ನಾರ್ವೆಯ ಕುಟುಂಬಗಳೂ ಹೀಗೇ ರಜೆ ಕಳೆಯುವುದುಂಟು. ಅತ್ತೆಯವರು ಒಳಗೆ ಮಂಚದ ಮೇಲೆ ಮಲಗಲಿ, ನೀವು ಮಗಳ ಜೊತೆ ಟೆಂಟ್ ಹಾಕಿ. ಮನೆ ಪಕ್ಕದಲ್ಲೇ ಟೆಂಟ್ ಬಿಡ್ತೀರಾ ಅಂತ ಕಚೇರಿಯಲ್ಲಿ ಕೇಳಿ, ಕೆಲವರು ಬಿಡುತ್ತಾರೆ. ಉತ್ತರದ ಕಡೆ ಹೋದರೆ ಜೂನ್, ಜುಲೈನಲ್ಲಿ ರಾತ್ರಿ ಕತ್ತಲಾಗುವುದಿಲ್ಲ. ಮಗು ಹನ್ನೊಂದಾದರೂ ಆಡುತ್ತಲೇ ಇರುತ್ತೆ, ಕಣ್ಣಿಗೆ ಕಟ್ಟುವ ಪಟ್ಟಿ ತಗೊಂಡು ಹೋಗಿ. ಜುಲೈನಲ್ಲಿ ಇಡೀ ದೇಶವೇ ರಜೆ ಹಾಕಿ ಹೊರಟಿರುತ್ತೆ, ಮರದ ಮನೆಗಳು ಬೇಗ ತುಂಬಿ ಹೋಗುತ್ತವೆ. ಆಗಸ್ಟ್ ಎರಡನೇ ವಾರದ ಮೇಲೆ ಹೋಗುವುದಾದರೆ ಜಾಗ ಸುಲಭವಾಗಿ ಸಿಗುತ್ತೆ, ಸೊಳ್ಳೆಯೂ ಕಮ್ಮಿ. ಕಾಡಿನಲ್ಲಿ ನೀಲಿ ಬೆರ್ರಿ ಹಣ್ಣಾಗಿರುತ್ತೆ, ಅದನ್ನು ಕೀಳಲು ಯಾರನ್ನೂ ಕೇಳಬೇಕಾಗಿಲ್ಲ. ಮಗಳ ಕೈಗೆ ಒಂದು ಡಬ್ಬಿ ಕೊಡಿ.